ಪುಟ ತಿರುಗಿಸುವ ಮೊದಲೇ ಓದಿ ಮುಗಿಸಿದ ಹುಡುಗ

ಅವನು ಮೂರನೇ ತರಗತಿಯವನು. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ಗಂಟಲು ಸರಿ ಮಾಡಿಕೊಂಡು ಓದಲು ಶುರು ಮಾಡಿದ. ದನಿ ಗಟ್ಟಿ. ಎಲ್ಲೂ ತಡವರಿಸಲಿಲ್ಲ. ಆ ದಿನ ಅವರ ಟೀಚರ್ ರಜೆಯಲ್ಲಿದ್ದರು, ಬದಲಿಗೆ ನಾನೇ ಹೋಗಿದ್ದೆ. ಹಾಜರಿ ಬರೆಯುತ್ತಾ ಅತ್ತ ಒಂದು ಕಿವಿ ಕೊಟ್ಟಿದ್ದೆ. ಚೆನ್ನಾಗಿ ಓದುತ್ತಾನೆ ಅಂದುಕೊಂಡೆ. ಯಾಕೋ ತಲೆ ಎತ್ತಿ ನೋಡಿದೆ. ಅವನ ಬಾಯಲ್ಲಿ ಮುಂದಿನ ಪುಟದ ಸಾಲು ಬರುತ್ತಿತ್ತು. ಪುಟವನ್ನು ಅವನಿನ್ನೂ ತಿರುಗಿಸಿರಲಿಲ್ಲ.

ಹತ್ತಿರ ಕರೆದೆ. ಕಪಾಟಿನಿಂದ ಬೇರೊಂದು ಪುಸ್ತಕ ತೆಗೆದು ಕೊಟ್ಟೆ. ಅವನು ಯಾವತ್ತೂ ನೋಡಿರದ ಪುಸ್ತಕ. ಪುಟದ ಮೇಲೆ ಒಂದು ಚಿತ್ರ, ಕೆಳಗೆ ಒಂದೇ ಸಾಲು: 'ಅಕ್ಕ ಕೊಡ ತಂದಳು.' ಅವನು ಚಿತ್ರ ನೋಡಿದ. ಆಮೇಲೆ ಹೇಳಿದ: 'ಹುಡುಗಿ ನೀರು ತರ್ತಾಳೆ.' ನಾನು ಚಿತ್ರದ ಮೇಲೆ ಅಂಗೈ ಇಟ್ಟು, ಈಗ ಓದು ಅಂದೆ. ಅವನು ಸಾಲಿನ ಕಡೆ ನೋಡಲೇ ಇಲ್ಲ. ನನ್ನ ಮುಖ ನೋಡಿದ. ಉತ್ತರ ಅಲ್ಲಿ ಸಿಗುತ್ತದೇನೋ ಎಂಬಂತೆ.

ಆ ನೋಟ ನನ್ನನ್ನು ಬಿಡಲಿಲ್ಲ. ಆಗ ನಾನು ಮುಖ್ಯ ಶಿಕ್ಷಕಿಯಾಗಿ ಒಂಬತ್ತು ವರ್ಷ ಆಗಿತ್ತು. ಆ ಒಂಬತ್ತು ವರ್ಷದಲ್ಲಿ ಒಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೊಸ ಪುಟ ಕೊಟ್ಟು, ಓದಿಸಿ ಕೇಳಿರಲಿಲ್ಲ. ಎಲ್ಲ ತರಗತಿಗಳಿಗೂ ಹೋಗುತ್ತಿದ್ದೆ. ಗೋಡೆಯ ಚಾರ್ಟ್ ನೋಡುತ್ತಿದ್ದೆ, ಪಾಠ ಯೋಜನೆಗೆ ಸಹಿ ಹಾಕುತ್ತಿದ್ದೆ, ಮಕ್ಕಳು ಒಟ್ಟಿಗೆ ಕಾಗುಣಿತ ಹೇಳಿದರೆ ಖುಷಿಪಡುತ್ತಿದ್ದೆ. ಒಟ್ಟಿಗೆ ಹೇಳುವ ದನಿಯಲ್ಲಿ ಯಾರ ದನಿ ಇಲ್ಲ ಅನ್ನೋದು ಬಾಗಿಲಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ.

ಮುಂದಿನ ಎರಡು ವಾರ ದಿನಾ ಬೆಳಗ್ಗೆ ಮೂರನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಓದಿಸಿದೆ. ಹೊಸ ಪುಟ, ಒಂದೆರಡು ನಿಮಿಷ, ಅಷ್ಟೇ. ಕೆಲವರು ಸರಾಗವಾಗಿ ಓದಿ, ಏನಾಯಿತು ಅಂತ ಕೇಳಿದರೆ ಕಥೆ ಹೇಳಿದರು. ಕೆಲವರು ಒಂದೊಂದೇ ಅಕ್ಷರ ಎತ್ತಿಟ್ಟ ಹಾಗೆ ಓದಿದರು. ಸಾಲಿನ ಕೊನೆಗೆ ಬರುವಾಗ ಅವರಿಗೆ ಸಾಲಿನ ಮೊದಲು ಮರೆತುಹೋಗಿರುತ್ತಿತ್ತು. ಉಳಿದವರು ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸಿದರು. ಒಬ್ಬ ಹುಡುಗಿ 'ಶಕ್ತಿ' ಎಂಬ ಪದವನ್ನು 'ಶಕಿತ' ಅಂತ ಓದಿದಳು. ತಪ್ಪು ಅಂತ ಬರೆದುಕೊಳ್ಳಲು ಪೆನ್ನು ಎತ್ತಿದೆ. ಆಮೇಲೆ ಪದವನ್ನು ನಾನೇ ಇನ್ನೊಮ್ಮೆ ನೋಡಿದೆ.

ಅವಳು ಓದಿದ್ದು ಕಣ್ಣಿಗೆ ಕಂಡ ಹಾಗೇ. ಶ. ಆಮೇಲೆ ಕ, ಅದರ ತಲೆಯ ಮೇಲೆ ಗುಡಿಸು, ಅಂದರೆ ಕಿ. ಕೆಳಗೆ ತಕಾರದ ಒತ್ತು, ಅಂದರೆ ತ. ಶ-ಕಿ-ತ. ಗುಡಿಸು ಬರೆಯುವುದು ಕಕಾರದ ಮೇಲೆ, ಆದರೆ ಅದರ ಸದ್ದು ಬರುವುದು ತಕಾರದ ಆಮೇಲೆ. ಇದನ್ನು ಅವಳಿಗೆ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಅವಳು ದಡ್ಡಿಯಲ್ಲ. ಅವಳು ಅಕ್ಷರವನ್ನು ನಂಬಿ ಓದಿದ್ದಳು. ನಮಗೆ ಓದು ಬಂದು ಎಷ್ಟೋ ವರ್ಷ ಆಗಿದೆ, ಹಾಗಾಗಿ ಇಂಥ ಕಷ್ಟ ನಮ್ಮ ಕಣ್ಣಿಗೇ ಬೀಳುವುದಿಲ್ಲ. 'ಸೂರ್ಯ' ನೋಡಿ. ಅರ್ಕಾವತ್ತು ಯಕಾರದ ಬಲಕ್ಕೆ ಕೂತಿದೆ, ಆದರೆ ಬಾಯಲ್ಲಿ ಅದು ಮೊದಲು ಬರುತ್ತದೆ. ತಕಾರಕ್ಕೂ ಅದರ ಒತ್ತಿಗೂ ರೂಪದಲ್ಲಿ ಸಂಬಂಧವೇ ಇಲ್ಲ. ಮಿ ಮತ್ತು ವಿ ನಡುವೆ ಇರುವ ವ್ಯತ್ಯಾಸ ಎಷ್ಟು ಚಿಕ್ಕದು ಅಂತ ಆರು ವರ್ಷದ ಮಗುವಿನ ಕಣ್ಣಿನಿಂದ ನೋಡಬೇಕು.

ಅಲ್ಲಿಂದ ನಾನು ಓದುವುದರ ಬಗ್ಗೆ ಓದತೊಡಗಿದೆ. ಓದುವುದು ಹೇಗೆ ಬರುತ್ತದೆ ಅನ್ನುವುದರ ಮೇಲೆ ಐವತ್ತು ವರ್ಷಕ್ಕಿಂತ ಜಾಸ್ತಿ ಕಾಲದ ಸಂಶೋಧನೆ ಇದೆ. ಅದರಲ್ಲಿ ನನ್ನ ಕೆಲಸಕ್ಕೆ ಬಂದ ಕೆಲವನ್ನು ಮಾತ್ರ ಇಲ್ಲಿ ಹೇಳುತ್ತೇನೆ.

1967ರಲ್ಲಿ ಕೆನೆತ್ ಗುಡ್‌ಮನ್ ಎಂಬ ಅಮೆರಿಕದ ವಿದ್ವಾಂಸರು ಓದುವುದು ಒಂದು ಬಗೆಯ ಊಹೆಯ ಆಟ ಎಂದು ವಾದಿಸಿದರು. ಅದರ ಬೆನ್ನಲ್ಲೇ 'ಚಿತ್ರ ನೋಡು, ಸಂದರ್ಭ ನೋಡು, ಏನಿರಬಹುದು ಅಂತ ಊಹಿಸು' ಎಂಬ ಪಾಠಕ್ರಮ ಅನೇಕ ದೇಶಗಳಿಗೆ ಹಬ್ಬಿತು. ಆಮೇಲೆ ಬಂದ ಪ್ರಯೋಗಗಳು ಇದಕ್ಕೆ ಉಲ್ಟಾ ಹೇಳಿದವು. ಚೆನ್ನಾಗಿ ಓದುವವರು ಪದ ಗುರುತಿಸಲು ಊಹೆಯನ್ನು ನೆಚ್ಚುವುದಿಲ್ಲ, ಅಕ್ಷರಗಳನ್ನೇ ನೋಡುತ್ತಾರೆ. ಊಹೆಗೆ ಜೋತುಬೀಳುವವರು ಓದು ಬಾರದ ಮಕ್ಕಳು. ನಮ್ಮ ಮೂರನೇ ತರಗತಿಯ ಹುಡುಗ ನನ್ನೆದುರು ಮಾಡಿದ್ದು ಅದನ್ನೇ, ಅಲ್ವಾ? ಚಿತ್ರ ಇರುವ ತನಕ ಬಂಡಿ ಓಡುತ್ತದೆ. ಮೇಲಿನ ತರಗತಿಯ ಪುಸ್ತಕದಲ್ಲಿ ಚಿತ್ರ ಕಡಿಮೆಯಾದ ದಿನ ನಿಲ್ಲುತ್ತದೆ.

1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಸಂಶೋಧಕರು ಒಂದು ಸರಳ ಲೆಕ್ಕ ಕೊಟ್ಟರು. ಅಕ್ಷರವನ್ನು ಸದ್ದಾಗಿ ಬಿಡಿಸುವ ಶಕ್ತಿಯನ್ನು, ಮಾತು ಅರ್ಥ ಮಾಡಿಕೊಳ್ಳುವ ಶಕ್ತಿಯಿಂದ ಗುಣಿಸಿದರೆ ಬರುವುದು ಓದು. ಕೂಡುವ ಲೆಕ್ಕ ಅಲ್ಲ, ಗುಣಿಸುವ ಲೆಕ್ಕ. ಒಂದು ಕಡೆ ಸೊನ್ನೆ ಇದ್ದರೆ ಇನ್ನೊಂದು ಕಡೆ ಎಷ್ಟೇ ಇರಲಿ, ಉತ್ತರ ಸೊನ್ನೆ. ಈ ಲೆಕ್ಕವನ್ನು ನಾನು ಸ್ಟಾಫ್ ರೂಮಿನ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟೆ. ಯಾರಾದರೂ 'ಈ ಮಗು ಓದಲ್ಲ ಮೇಡಂ' ಅಂದರೆ, 'ಯಾವ ಕಡೆ ಕಡಿಮೆ?' ಎಂದು ಕೇಳಲು ಶುರು ಮಾಡಿದೆವು. ಉತ್ತರ ಬೇರೆಯಾದರೆ ಮಾಡಬೇಕಾದ ಕೆಲಸವೂ ಬೇರೆ.

2000ದಲ್ಲಿ ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್ ಎಂಬ ತಜ್ಞರ ಸಮಿತಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿ ಐದು ವಿಷಯಗಳ ಮೇಲೆ ಬೆರಳಿಟ್ಟಿತು: ಪದದೊಳಗಿನ ಸದ್ದುಗಳನ್ನು ಬಿಡಿಸಿ ಕೇಳುವುದು, ಅಕ್ಷರ ಮತ್ತು ಸದ್ದಿನ ನಂಟನ್ನು ಕ್ರಮವಾಗಿ ಕಲಿಸುವುದು, ಸರಾಗ ಓದು, ಪದಸಂಪತ್ತು, ಅರ್ಥ ಗ್ರಹಿಕೆ. ಆ ವರದಿ ಇಂಗ್ಲಿಷ್ ಓದಿನದು. ಅದನ್ನು ಹಾಗೇ ಎತ್ತಿ ಕನ್ನಡಕ್ಕೆ ಅಂಟಿಸಲು ಆಗುವುದಿಲ್ಲ. ನಮ್ಮಲ್ಲಿ 49 ಅಕ್ಷರ ಅಂತ ಎಣಿಸುತ್ತೇವೆ. ಆದರೆ ಗುಣಿತಾಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರು ದಾಟುತ್ತವೆ. ಒತ್ತಕ್ಷರ ಆಮೇಲೆ. ಸಂಶೋಧಕಿ ಸೊನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳ ಓದಿನ ಮೇಲೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ತುಂಬಾ ಸಹಾಯ ಮಾಡಿತು. ಕನ್ನಡದ ಅಕ್ಷರ ಜ್ಞಾನ ಒಂದನೇ ತರಗತಿಗೇ ಮುಗಿಯುವುದಿಲ್ಲ, ಮುಂದಿನ ತರಗತಿಗಳಿಗೂ ಚಾಚಿಕೊಳ್ಳುತ್ತದೆ. 'ಮರ'ವನ್ನು ಮ-ರ ಎಂದು ಒಡೆಯುವುದು ಮಕ್ಕಳಿಗೆ ಸುಲಭ. 'ಮ'ವನ್ನು ಮ್-ಅ ಎಂದು ಒಡೆಯುವುದು ನಿಧಾನಕ್ಕೆ ಬರುತ್ತದೆ. ನಾವು ಒಂದನೇ ತರಗತಿಯಲ್ಲೇ ವರ್ಣಮಾಲೆ ಮುಗಿಯಿತು ಎಂದು ಟಿಕ್ ಹಾಕಿ, ಎರಡರಿಂದ ಪಾಠಕ್ಕೆ ಇಳಿಯುತ್ತಿದ್ದೆವು. ಎಷ್ಟೋ ಮಕ್ಕಳು ಅಲ್ಲೇ ಜಾರುತ್ತಿದ್ದರು.

ಇದನ್ನೆಲ್ಲ ತಿಳಿದುಕೊಂಡು ಉತ್ಸಾಹದಲ್ಲಿ ನಾನೊಂದು ತಪ್ಪು ಮಾಡಿದೆ. ಎಲ್ಲ ಟೀಚರ್‌ಗಳನ್ನು ಕೂರಿಸಿ ಒಂದು ಇಡೀ ದಿನ ತರಬೇತಿ ಕೊಡಿಸಿದೆ. ಎಲ್ಲರೂ ನೋಟ್ಸ್ ಬರೆದುಕೊಂಡರು. ಎರಡು ವಾರ ಬಿಟ್ಟು ನೋಡಿದರೆ ತರಗತಿಗಳಲ್ಲಿ ಎಲ್ಲವೂ ಮೊದಲಿನ ಹಾಗೇ. ಒಂದನೇ ತರಗತಿಯ ಟೀಚರ್ ನನಗಿಂತ ಹಿರಿಯರು. ಅವರು ನೇರವಾಗಿ ಹೇಳಿದರು: 'ಮೇಡಂ, ಇಪ್ಪತ್ತು ವರ್ಷದಿಂದ ಹೀಗೇ ಕಲಿಸಿದ್ದೀನಿ. ಮಕ್ಕಳು ಕಲ್ತಿದಾರೆ. ಈಗ ನೀವು ಬೇರೆ ಹೇಳ್ತೀರಿ. ತರಬೇತಿ ಕೊಟ್ಟವ್ರು ಹೇಳಿದ್ದು ಕೇಳೋಕೆ ಚೆನ್ನಾಗಿದೆ, ನನ್ ಕ್ಲಾಸಲ್ಲಿ ಅದನ್ನ ಮಾಡೋದು ಹೇಗೆ ಅಂತ ಯಾರೂ ತೋರಿಸ್ಲಿಲ್ಲ.'

ಅವರ ಮಾತು ಸರಿಯಾಗಿತ್ತು. ಹಾಗಾದರೆ ನಾನು ತರಗತಿ ತಗೋತೀನಿ, ನೀವು ಹಿಂದೆ ಕೂತು ನೋಡಿ ಅಂದೆ. ಮರುದಿನ ಬೋರ್ಡಿನ ಮೇಲೆ ಮಿ, ಸಿ, ಲಿ, ತಿ ಎಂದು ಬರೆದು, ನಾಲ್ಕರಲ್ಲೂ ಒಂದೇ ಥರ ಕೇಳುವುದು ಯಾವುದು ಎಂದು ಮಕ್ಕಳನ್ನು ಕೇಳಿದೆ. ಮುಂದಿನ ಬೆಂಚಿನವರು 'ಇ' ಅಂತ ಕೂಗಿದರು. ನಾನು ಭೇಷ್ ಎಂದು ಮುಂದಕ್ಕೆ ಹೋದೆ. ಪಾಠ ಮುಗಿದ ಮೇಲೆ ಟೀಚರ್ ತಮ್ಮ ಪುಸ್ತಕ ತೆರೆದು ತೋರಿಸಿದರು. ಹಿಂದಿನ ಸಾಲಿನ ಏಳು ಮಕ್ಕಳ ಹೆಸರು. 'ಇವರು ಬರೀ ತುಟಿ ಆಡಿಸಿದ್ರು. ಒಬ್ಬರದೂ ದನಿ ಬರಲಿಲ್ಲ.' ಅದು ನನಗೆ ಕಂಡಿರಲೇ ಇಲ್ಲ. ಮಾರನೇ ದಿನ ಅವರು ಪಾಠ ಮಾಡಿದರು, ನಾನು ಹಿಂದೆ ಕೂತೆ. ಪ್ರಶ್ನೆ ಕೇಳಿ, ಎಲ್ಲರೂ ಸ್ಲೇಟಿನಲ್ಲಿ ಬರೆದು ಎತ್ತಿ ತೋರಿಸಿ ಅಂದರು. ಒಂದೇ ನೋಟಕ್ಕೆ ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂದು ಇಬ್ಬರಿಗೂ ಗೊತ್ತಾಯಿತು. ಅದು ಅವರದೇ ಉಪಾಯ. ಅಲ್ಲಿಂದ ಮುಂದೆ ನಮ್ಮ ಶಾಲೆಯ ತರಬೇತಿ ಅಂದರೆ ಇದೇ. ವಾರಕ್ಕೊಮ್ಮೆ ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕೂರುವುದು, ಅದೇ ದಿನ ಹತ್ತು ನಿಮಿಷ ಮಾತಾಡುವುದು, ಮರುದಿನ ಒಂದೇ ಒಂದು ವಿಷಯ ಬದಲಿಸಿ ನೋಡುವುದು. ನಾನು ಅಲ್ಲಿ ಕೂತಾಗ ಅಂಕ ಹಾಕುವುದಿಲ್ಲ ಎಂದು ಮಾತು ಕೊಟ್ಟೆ, ಅದನ್ನು ಉಳಿಸಿಕೊಂಡೆ. ನೋಡಲು ಬಂದವರು ಅಂಕ ಹಾಕುತ್ತಾರೆ ಅಂತಾದರೆ ಟೀಚರ್ ತಮಗೆ ಚೆನ್ನಾಗಿ ಬರುವ ಪಾಠವನ್ನೇ ತೋರಿಸುತ್ತಾರೆ. ಆಗ ನಿಜವಾದ ಕಷ್ಟ ಎಲ್ಲಿದೆ ಅಂತ ತಿಳಿಯುವುದೇ ಇಲ್ಲ.

ಹೊರಗಿನ ಒಂದು ಉದಾಹರಣೆ ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟಿತು. ಅಮೆರಿಕದ ಮಿಸಿಸಿಪ್ಪಿ ರಾಜ್ಯ ಓದಿನಲ್ಲಿ ಕೊನೆಯ ಸಾಲಿನಲ್ಲಿತ್ತು. 2013ರಲ್ಲಿ ಅಲ್ಲಿ ಓದಿಗೆಂದೇ ಒಂದು ಕಾನೂನು ಬಂತು. ಹಿಂದುಳಿದ ಶಾಲೆಗಳಿಗೆ ತರಗತಿಯಲ್ಲೇ ಟೀಚರ್ ಜೊತೆ ನಿಂತು ಕೆಲಸ ಮಾಡುವ ಕೋಚ್‌ಗಳನ್ನು ಕಳಿಸಿದರು. ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಅಲ್ಲಿನ ನಾಲ್ಕನೇ ತರಗತಿಯ ಮಕ್ಕಳ ಸರಾಸರಿ 2013ರಲ್ಲಿ 209 ಇತ್ತು, 2019ಕ್ಕೆ 219 ಆಯಿತು. ಅಂದರೆ ದೇಶದ ಸರಾಸರಿಯನ್ನು ಮುಟ್ಟಿತು. ಓದು ಬಾರದವರನ್ನು ಮೂರನೇ ತರಗತಿಯಲ್ಲೇ ಉಳಿಸಿಕೊಳ್ಳುವ ನಿಯಮವೂ ಆ ಕಾನೂನಿನಲ್ಲಿದೆ. ಅದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಮಗು ಕಲಿಯದೇ ಹೋದದ್ದಕ್ಕೆ ಒಂದು ವರ್ಷದ ಶಿಕ್ಷೆ ಮಗುವಿಗೇ ಯಾಕೆ? ಆದರೆ ಆರು ವರ್ಷ ಒಂದೇ ಕೆಲಸ ಹಿಡಿದು ಕೂತರಲ್ಲ, ಅದನ್ನು ಕಲಿಯಬೇಕು. ನಾವು ವರ್ಷಕ್ಕೊಂದು ಹೊಸ ಯೋಜನೆ ತಂದು, ಹಳೆಯದನ್ನು ಅರ್ಧಕ್ಕೇ ಬಿಡುತ್ತೇವೆ.

ಮುಖ್ಯ ಶಿಕ್ಷಕರ ಕೈಯಲ್ಲಿ ಮಾತ್ರ ಇರುವ ಕೆಲವು ಕೆಲಸಗಳಿವೆ. ಮೊದಲನೆಯದು ಟೈಮ್‌ಟೇಬಲ್. ನಮ್ಮಲ್ಲಿ ಓದಿನ ಪೀರಿಯಡ್ ಕಾಗದದ ಮೇಲೆ ಇತ್ತು. ಅದನ್ನು ತಿನ್ನುತ್ತಿದ್ದವಳು ನಾನೇ. ಅಂಕಿಅಂಶ ಬೇಕು ಅಂತ ಟೀಚರನ್ನು ಆಫೀಸಿಗೆ ಕರೆಯುತ್ತಿದ್ದೆ. ಕಾರ್ಯಕ್ರಮದ ತಾಲೀಮು ಇದ್ದರೆ ಮೊದಲು ಹೋಗುತ್ತಿದ್ದದ್ದು ಆ ಪೀರಿಯಡ್. ಯಾರೋ ಬಂದರೆ ಮೈಕಿನಲ್ಲಿ ಸೂಚನೆ. ಒಂದು ತಿಂಗಳು ಲೆಕ್ಕ ಬರೆದು ನೋಡಿದಾಗ, ಯಾವ ಅಡಚಣೆಯೂ ಇಲ್ಲದೆ ನಡೆದ ಓದಿನ ಪೀರಿಯಡ್‌ಗಳು ಅರ್ಧವೂ ಇರಲಿಲ್ಲ. ಅಂದಿನಿಂದ ಬೆಳಗಿನ ಮೊದಲ ಒಂದು ಗಂಟೆ ಒಂದರಿಂದ ಮೂರನೇ ತರಗತಿಯ ಬಾಗಿಲನ್ನು ಯಾರೂ ತಟ್ಟುವ ಹಾಗಿಲ್ಲ, ನಾನೂ ಸೇರಿ. ಮೇಲಿನವರು ತುರ್ತು ಮಾಹಿತಿ ಕೇಳಿದರೆ ಒಂದು ಗಂಟೆ ಬಿಟ್ಟು ಕೊಡುತ್ತೇನೆ ಎನ್ನುತ್ತೇನೆ. ಇಷ್ಟು ವರ್ಷದಲ್ಲಿ ಒಂದು ಗಂಟೆ ಕಾಯಲಾರದ ಮಾಹಿತಿ ನಾನು ನೋಡಿಲ್ಲ.

ಎರಡನೆಯದು ಯಾರಿಗೆ ಯಾವ ತರಗತಿ ಅನ್ನುವುದು. ಎಲ್ಲ ಕಡೆ ಅನುಭವಿ ಟೀಚರ್ ದೊಡ್ಡ ತರಗತಿಗೆ, ಹೊಸಬರು ಒಂದನೇ ತರಗತಿಗೆ. ಪರೀಕ್ಷೆಯ ಫಲಿತಾಂಶ ಅಲ್ಲಿ ಕಾಣುತ್ತದಲ್ಲ, ಅದಕ್ಕೆ. ಓದು ಕಲಿಸುವುದು ಶಾಲೆಯಲ್ಲಿ ಅತಿ ಕಷ್ಟದ ಕೆಲಸ ಎಂದು ನಾನು ನಂಬುತ್ತೇನೆ. ಅದಕ್ಕೆ ಪಳಗಿದ ಕೈ ಬೇಕು. ನಮ್ಮಲ್ಲಿ ಚೆನ್ನಾಗಿ ಕಲಿಸುವವರನ್ನು ಕೆಳಗಿನ ತರಗತಿಗೆ ಕೊಟ್ಟಾಗ ಒಬ್ಬರು ಬೇಜಾರು ಮಾಡಿಕೊಂಡರು, ಹಿಂಬಡ್ತಿ ಅಂದುಕೊಂಡರು. ಕೂತು ಮಾತಾಡಿದೆವು. ಅವರ ತರಗತಿಯ ಮಕ್ಕಳ ಸಂಖ್ಯೆ ಕಡಿಮೆ ಮಾಡಿದೆ, ಬರಹದ ಕೆಲಸ ಬೇರೆಯವರಿಗೆ ಹಂಚಿದೆ. ಗೌರವ ಕೊಡುವುದು ಅಂದರೆ ಇಂಥದ್ದರಲ್ಲಿ ಕಾಣಬೇಕು.

ಪರೀಕ್ಷಿಸಿ ನೋಡುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವರ್ಷಕ್ಕೆ ಮೂರು ಸಲ, ಪ್ರತಿ ಮಗು, ಹೊಸ ಪುಟ, ಒಂದು ನಿಮಿಷ. ಎಷ್ಟು ಪದ ಸರಿ ಓದಿತು, ಎಲ್ಲಿ ನಿಂತಿತು, ಏನು ಅರ್ಥವಾಯಿತು. ಇದನ್ನು ಗೋಡೆಗೆ ಅಂಟಿಸುವುದಿಲ್ಲ, ಮಕ್ಕಳನ್ನು ಹೋಲಿಸುವುದಿಲ್ಲ. ಒಂದನೇ ತರಗತಿಯಿಂದಲೇ ಮಾಡುತ್ತೇವೆ. 'ನಿಧಾನಕ್ಕೆ ಬರುತ್ತೆ ಬಿಡಿ' ಅನ್ನುವ ಮಾತನ್ನು ನಾನೂ ಎಷ್ಟೋ ತಂದೆ ತಾಯಿಗೆ ಹೇಳಿದ್ದೇನೆ. ಈಗ ಹೇಳುವುದಿಲ್ಲ. ಕಾದರೆ ಅಂತರ ದೊಡ್ಡದಾಗುತ್ತದೆ. ಓದು ಬಂದ ಮಗು ದಿನಾ ಓದಿ ಮುಂದಕ್ಕೆ ಹೋಗುತ್ತದೆ, ಬಾರದ ಮಗು ಪುಸ್ತಕದಿಂದ ದೂರ ಉಳಿದು ಇನ್ನೂ ಹಿಂದೆ ಬೀಳುತ್ತದೆ. ಓದಿನ ಸಂಶೋಧಕ ಕೀತ್ ಸ್ಟಾನೊವಿಚ್ ಇದನ್ನು 1986ರಲ್ಲೇ ಬರೆದಿದ್ದಾರೆ. ಹಿಂದೆ ಉಳಿದವರಿಗೆ ಮೂರು ನಾಲ್ಕು ಜನರ ಗುಂಪು ಮಾಡಿ, ವಾರಕ್ಕೆ ನಾಲ್ಕು ದಿನ, ಅರ್ಧ ಗಂಟೆ ಬೇರೆಯಾಗಿ ಕಲಿಸುತ್ತೇವೆ. ಆಟದ ಪೀರಿಯಡ್ ಕಿತ್ತುಕೊಂಡು ಅಲ್ಲ. ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಬಿಡಿಸಿ ಓದುವುದರಲ್ಲೇ ವಿಶೇಷ ಕಷ್ಟ ಇರುವ ಮಕ್ಕಳಿಗೂ ಬೇಕಾದದ್ದು ಇದೇ ಪಾಠ. ಇನ್ನೂ ಚಿಕ್ಕ ಹೆಜ್ಜೆ, ಇನ್ನೂ ಹೆಚ್ಚು ಅಭ್ಯಾಸ. ಅವರಲ್ಲಿ ಬುದ್ಧಿಗೆ ಏನೂ ಕೊರತೆಯಿಲ್ಲ ಎಂದು ಮನೆಯವರಿಗೂ ಟೀಚರ್‌ಗಳಿಗೂ ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳ ವಿಷಯ ಬೇರೆ. ಅಕ್ಷರ ಬೇಗ ಕಲಿತು ಗಿಣಿಯ ಹಾಗೆ ಓದುತ್ತಾರೆ, ಅರ್ಥ ಕೇಳಿದರೆ ಸುಮ್ನೆ ನಿಲ್ಲುತ್ತಾರೆ. ಗುಣಾಕಾರದ ಇನ್ನೊಂದು ಕಡೆ ಕಡಿಮೆ. ಅವರಿಗೆ ಮತ್ತೆ ಕಾಗುಣಿತ ತಿದ್ದಿಸುವುದರಿಂದ ಏನೂ ಉಪಯೋಗವಿಲ್ಲ. ಮಾತಾಡಿಸಬೇಕು, ದಿನಾ ಕಥೆ ಓದಿ ಹೇಳಬೇಕು, ಹೊಸ ಪದ ಬಂದಾಗ ನಿಂತು ಅದನ್ನು ಆಡಿಸಬೇಕು.

ಇದೇ ಕಾರಣಕ್ಕೆ ಓದಿನ ಹೆಸರಲ್ಲಿ ವಿಜ್ಞಾನ, ಸಮಾಜ ಪಾಠಗಳನ್ನು ಕತ್ತರಿಸಲು ನಾನು ಬಿಡುವುದಿಲ್ಲ. 1988ರಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಮಾಡಿದ ಒಂದು ಪ್ರಯೋಗವಿದೆ. ಬೇಸ್‌ಬಾಲ್ ಪಂದ್ಯದ ಬಗ್ಗೆ ಒಂದು ಬರಹವನ್ನು 64 ವಿದ್ಯಾರ್ಥಿಗಳಿಂದ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದವರು, ಓದಿನಲ್ಲಿ ಮುಂದಿದ್ದೂ ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. ಲೋಕ ಗೊತ್ತಿಲ್ಲದೆ ಪುಟ ಅರ್ಥವಾಗುವುದಿಲ್ಲ. ಗ್ರಹಿಕೆಯ ಪ್ರಶ್ನೆಗಳನ್ನು ಎಷ್ಟು ಬಿಡಿಸಿದರೂ ಈ ಕೊರತೆ ತುಂಬುವುದಿಲ್ಲ.

ಪುಸ್ತಕದ ಕಪಾಟಿನ ಬೀಗದ ಕೈ ಹಿಂದೆ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಪುಸ್ತಕ ಹರಿದರೆ ಲೆಕ್ಕ ಯಾರು ಕೊಡುವುದು ಅನ್ನುವ ಭಯ. ಈಗ ಕಪಾಟು ತರಗತಿಯೊಳಗೇ ಇದೆ, ಬೀಗವಿಲ್ಲ. ಹರಿದ ಪುಸ್ತಕಕ್ಕೆ ಶನಿವಾರ ಮಕ್ಕಳೇ ಟೇಪ್ ಹಚ್ಚುತ್ತಾರೆ. ಹರಿದ ಪುಸ್ತಕ ಕಂಡರೆ ನನಗೆ ಸಂತೋಷ.

ಆ ಮೂರನೇ ತರಗತಿಯ ಹುಡುಗನ ವಿಷಯ ಹೇಳಬೇಕು. ಅವನನ್ನು ಚಿಕ್ಕ ಗುಂಪಿಗೆ ಸೇರಿಸಿದೆವು. ಮೊದಲ ತಿಂಗಳು ತುಂಬಾ ಕಷ್ಟಪಟ್ಟ. ಬಾಯಿಪಾಠದ ಬಲ ಬಿಟ್ಟು ಅಕ್ಷರ ನೋಡುವುದು ಅವನಿಗೆ ಹಿಂದಕ್ಕೆ ಹೋದ ಹಾಗೆ ಅನಿಸಿರಬೇಕು. ಸರಾಗವಾಗಿ ಓದುತ್ತಿದ್ದವನು ತಡವರಿಸತೊಡಗಿದ. ಅವನ ಅಮ್ಮ ಬಂದು, 'ಮೊದಲು ಚೆನ್ನಾಗಿ ಓದ್ತಿದ್ದ ಮೇಡಂ, ಈಗೇನಾಯ್ತು?' ಎಂದು ಕೇಳಿದರು. ಪಕ್ಕದಲ್ಲಿ ಕೂರಿಸಿಕೊಂಡು, ಅವನು ಒಂದು ಹೊಸ ಸಾಲನ್ನು ನಿಧಾನವಾಗಿ, ಬೆರಳಿಟ್ಟು, ಪೂರ್ತಿ ಓದುವುದನ್ನು ತೋರಿಸಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅವನ ತಲೆ ಸವರಿ, 'ಇನ್ನೊಂದ್ ಸಾಲು ಓದು' ಅಂದರು. ವರ್ಷದ ಕೊನೆಗೆ ಅವನು ತನ್ನ ತರಗತಿಯ ಪುಸ್ತಕವನ್ನು ಓದಬಲ್ಲವನಾಗಿದ್ದ. ವೇಗ ಇನ್ನೂ ಕಡಿಮೆ ಇತ್ತು. ಪುಟವನ್ನು ಮಾತ್ರ ಸರಿಯಾದ ಜಾಗದಲ್ಲೇ ತಿರುಗಿಸುತ್ತಿದ್ದ.

ಎಲ್ಲ ಮಕ್ಕಳೂ ಹೀಗೆ ದಡ ಸೇರಿದ್ದಾರೆ ಎಂದು ಹೇಳಲಾರೆ. ಐದನೇ ತರಗತಿಯಲ್ಲಿ ಈಗಲೂ ಮೂವರಿದ್ದಾರೆ. ಅವರಲ್ಲಿ ಒಬ್ಬ ಹುಡುಗಿ ವಾರಕ್ಕೆ ಎರಡು ಬೆಳಗ್ಗೆ ನನ್ನ ಬಳಿ ಬರುತ್ತಾಳೆ. ಕಳೆದ ವಾರ 'ಸಮುದ್ರ'ದಲ್ಲಿ ಕೊನೆಯ ಅಕ್ಷರದ ಹತ್ತಿರ ನಿಂತುಬಿಟ್ಟಳು. ರಕಾರದ ಒತ್ತು ಅವಳಿಗೆ ಇನ್ನೂ ಗಟ್ಟಿಯಾಗಿಲ್ಲ. ನಾಳೆಗೆಂದು ಚೀಟಿಗಳನ್ನು ಬರೆದಿಟ್ಟಿದ್ದೇನೆ: ಚಂದ್ರ, ಚಕ್ರ, ಪತ್ರ, ಚಿತ್ರ. ಅವು ಬಂದರೆ ಆಮೇಲೆ ನಿದ್ರೆ, ಜಾತ್ರೆ. ಅವಳು ಬರುವುದು ಒಂಬತ್ತು ಗಂಟೆಗೆ. ಒಂಬತ್ತೂವರೆ ತನಕ ನನ್ನ ಫೋನ್ ಮೇಜಿನ ಡ್ರಾಯರಿನಲ್ಲಿರುತ್ತದೆ, ಹಿಂದೆ ಬೀಗದ ಕೈ ಇದ್ದ ಜಾಗದಲ್ಲಿ.